ಹಬ್ಬಕ್ಕೆ ಹೇಳದೆ ಮನೆಗೆ ಬರುವವರಿಗೆ ಹದಿಮೂರು ಸೂತ್ರಗಳು

"ಈ ಸಲವೂ ರಜೆ ಸಿಗಲಿಲ್ಲವಂತೆ." ದೀಪಾವಳಿ ಹತ್ತಿರವಾದಂತೆ ಹೆಬ್ಬಗೋಡಿಯ ಅಮ್ಮಂದಿರು ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳುವ ಮಾತಿದು. ಮಗ ಡಲ್ಲಾಸ್‌ನಲ್ಲಿದ್ದಾನೆ, ಮಗಳು ಮ್ಯೂನಿಕ್‌ನಲ್ಲಿ, ಅಳಿಯ ದುಬೈಯಲ್ಲಿ. ಬರುವುದೇ ಇಲ್ಲ ಅಂದುಕೊಂಡಿದ್ದವರು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟರೆ ಆ ಮನೆಯಲ್ಲಿ ಹಬ್ಬ ಅವತ್ತೇ ಶುರುವಾಗುತ್ತದೆ.

ಆನೇಕಲ್ ತಾಲ್ಲೂಕಿನ ಈ ಊರು ಎರಡು ತಲೆಮಾರಿನ ಹಿಂದೆ ರಾಗಿ ಹೊಲಗಳ ನಡುವೆ ಇತ್ತು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದರು. ಬೊಮ್ಮಸಂದ್ರ, ಜಿಗಣಿಗಳಲ್ಲಿ ಕಾರ್ಖಾನೆಗಳು ಎದ್ದವು, ಬಯೋಕಾನ್ ಬಂತು. ಅಪ್ಪ ಕಾರ್ಖಾನೆಯ ಶಿಫ್ಟಿಗೆ ಹೋದ, ಮಕ್ಕಳು ಐಟಿ ಕಂಪನಿ ಸೇರಿದರು, ಆನ್‌ಸೈಟ್ ಎಂದು ಹೋದವರು ಅಲ್ಲೇ ಉಳಿದರು. ಮಗನ ಕಂಪನಿಗೆ ಹತ್ತಿರವಾಗಲೆಂದು ಊರಿನ ಮನೆ ಬಿಟ್ಟು ಇಲ್ಲಿನ ಅಪಾರ್ಟ್‌ಮೆಂಟಿಗೆ ಬಂದ ತಂದೆ ತಾಯಿಯೂ ಇದ್ದಾರೆ. ಆಮೇಲೆ ಆ ಮಗ ಸಮುದ್ರ ದಾಟಿದ, ಇವರು ಫ್ಲ್ಯಾಟಿನಲ್ಲಿ ಉಳಿದರು.

ಇಂಥ ಮನೆಗೆ ಹೇಳದೆ ಬರುವಾಗ ಗುಟ್ಟು ಕಾಯುವುದು ಯಾರಿಗೂ ಕಷ್ಟವೇನಲ್ಲ. ಮನೆಯವರ ದಿನಚರಿ, ಆರೋಗ್ಯ, ಕೆಲಸದ ಹೊತ್ತು ನಮಗೆ ಎಷ್ಟು ಗೊತ್ತು ಎನ್ನುವುದರ ಮೇಲೆ ಅಚ್ಚರಿಯ ಗೆಲುವು ನಿಂತಿದೆ. ಕೆಳಗಿನ ಸೂತ್ರಗಳೆಲ್ಲ ಆ ಒಂದು ಮಾತಿನಿಂದ ಹುಟ್ಟಿದವು.

1. ಮನೆಯೊಳಗಿನ ಒಬ್ಬರಿಗೆ ಹೇಳಿ

ಒಬ್ಬರಿಗೆ ಮಾತ್ರ, ಆದರೆ ಖಂಡಿತ ಹೇಳಿ. ತಂಗಿ, ಅತ್ತಿಗೆ, ಚಿಕ್ಕಪ್ಪ, ಎದುರು ಮನೆಯ ಆಂಟಿ, ಯಾರಾದರೂ ಸರಿ. ಯಾರಿಗೂ ಹೇಳದೆ ಬಂದವರ ಕಥೆ ಸಾಮಾನ್ಯವಾಗಿ ಹೀಗೆ ಮುಗಿಯುತ್ತದೆ: ಬಾಗಿಲಿಗೆ ಬೀಗ, ಅಪ್ಪ ಅಮ್ಮ ಧರ್ಮಸ್ಥಳದಲ್ಲಿ. ಮಕ್ಕಳು ಬರುವುದಿಲ್ಲ ಎಂದಾದ ಮೇಲೆ ಹಿರಿಯರು ಮನೆಯಲ್ಲೇ ಏಕೆ ಕೂರಬೇಕು? ತಿರುಪತಿಗೋ ತಂಗಿಯ ಊರಿಗೋ ಹೊರಟುಬಿಡುತ್ತಾರೆ.

ಆ ಒಬ್ಬ ವ್ಯಕ್ತಿಯಿಂದ ನಾಲ್ಕು ಸಂಗತಿ ತಿಳಿದುಕೊಳ್ಳಿ. ಆ ವಾರ ಮನೆಯವರೆಲ್ಲ ಊರಲ್ಲಿರುತ್ತಾರಾ? ಬೊಮ್ಮಸಂದ್ರದಲ್ಲಿ ಕೆಲಸ ಮಾಡುವ ತಮ್ಮನಿಗೆ ಯಾವ ಶಿಫ್ಟ್? ಫಸ್ಟ್ ಶಿಫ್ಟಿಗೆ ಹೋದವನು ಮಧ್ಯಾಹ್ನ ಬರುತ್ತಾನೆ, ನೈಟ್ ಶಿಫ್ಟ್ ಮುಗಿಸಿದವನು ಬೆಳಿಗ್ಗೆ ಮಲಗಿರುತ್ತಾನೆ. ಅಪ್ಪನಿಗೆ ಆಸ್ಪತ್ರೆಯ ತಪಾಸಣೆ ಏನಾದರೂ ಇದೆಯಾ? ಕೊನೆಯದಾಗಿ, ಮನೆಯಲ್ಲಿ ಸೂತಕವಿದೆಯಾ? ಹತ್ತಿರದ ಸಂಬಂಧಿಕರು ತೀರಿಕೊಂಡು ಹಬ್ಬವೇ ಇಲ್ಲದ ವರ್ಷ ಪಟಾಕಿ, ಸಿಹಿ ಹಿಡಿದು ನುಗ್ಗುವುದು ನೋವಿನ ಸಂಗತಿ. ದೂರದಲ್ಲಿರುವ ಮಕ್ಕಳಿಗೆ ಇಂಥ ಸುದ್ದಿಯನ್ನು ಹೇಳದೆ ಮುಚ್ಚಿಡುವ ಮನೆಗಳು ನಮ್ಮಲ್ಲಿ ಬಹಳ.

2. ವೀಸಾ ಸ್ಟಾಂಪಿಂಗ್ ಇದ್ದರೆ ಗುಟ್ಟು ಬೇಡ

ಅಮೆರಿಕದಲ್ಲಿರುವವರು ಈ ಸೂತ್ರವನ್ನು ಎರಡು ಸಲ ಓದಬೇಕು. ಎಚ್-1ಬಿ ಅವಧಿ ಅಲ್ಲೇ ವಿಸ್ತರಣೆಯಾಗಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ದಿನಾಂಕ ಮುಗಿದಿದ್ದರೆ, ವಾಪಸ್ ಹೋಗುವ ಮುಂಚೆ ಭಾರತದಲ್ಲಿ ಹೊಸ ಮುದ್ರೆ ಹಾಕಿಸಿಕೊಳ್ಳಬೇಕು. ಮೊದಲು ಇದು ಒಂದೆರಡು ವಾರದ ಕೆಲಸವಾಗಿತ್ತು. 2025ರ ಸೆಪ್ಟೆಂಬರ್‌ನಿಂದ ಸಂದರ್ಶನವಿಲ್ಲದ ಡ್ರಾಪ್‌ಬಾಕ್ಸ್ ಸೌಲಭ್ಯ ಬಹುಪಾಲು ಜನರಿಗೆ ನಿಂತಿತು. ಅದೇ ವರ್ಷ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ತಪಾಸಣೆ ಮಾಡುವ ನಿಯಮ ಬಂತು. ರಜೆಗೆಂದು ಬಂದಿದ್ದ ಎಷ್ಟೋ ಜನರ ಡಿಸೆಂಬರ್ ಸಂದರ್ಶನಗಳು 2026ರ ಮಾರ್ಚ್‌ಗೂ ಅದರಾಚೆಗೂ ಹೋದವು. ಮೂರು ವಾರಕ್ಕೆ ಬಂದವರು ತಿಂಗಳುಗಟ್ಟಲೆ ಇಲ್ಲೇ ಉಳಿದರು. ಕೆಲಸ ಅಲ್ಲಿ, ಬಾಡಿಗೆ ಮನೆ ಅಲ್ಲಿ, ಕೆಲವರ ಮಕ್ಕಳ ಶಾಲೆಯೂ ಅಲ್ಲಿ.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ತೆರೆದ ದಿನ ಅಲ್ಲಿ ವೀಸಾ ಸೇವೆ ಇರಲಿಲ್ಲ. ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಓಡಾಡುವುದು ತಪ್ಪಲಿಲ್ಲ.

ಮುದ್ರೆ ಹಾಕಿಸಬೇಕಾದ ಪ್ರವಾಸವಾದರೆ ಮನೆಯವರಿಗೆ ಮೊದಲೇ ತಿಳಿಸಿ ಬನ್ನಿ. ಅಚ್ಚರಿ ಕೊಟ್ಟ ಮರುದಿನವೇ ಕಾಗದಪತ್ರ ಹಿಡಿದು ಚೆನ್ನೈ ರೈಲು ಹತ್ತಿದರೆ, "ಕೆಲಸಕ್ಕೆ ಬಂದ, ನಮ್ಮನ್ನೂ ನೋಡಿಕೊಂಡು ಹೋದ" ಎಂಬ ಭಾವ ಅಪ್ಪನ ಮನಸ್ಸಿನಲ್ಲಿ ಉಳಿಯುತ್ತದೆ. ವೀಸಾ ಮುದ್ರೆ ಇನ್ನೂ ಚಾಲ್ತಿಯಲ್ಲಿರುವ ವರ್ಷವನ್ನು ಅಚ್ಚರಿಗೆ ಇಟ್ಟುಕೊಳ್ಳಿ.

3. ಹಬ್ಬದ ದಿನವೇ ಬಂದಿಳಿಯಬೇಡಿ

ಎಲ್ಲರೂ ಮಾಡುವ ಯೋಚನೆ ಇದೇ: ಹಬ್ಬದ ಬೆಳಿಗ್ಗೆ, ಪೂಜೆಯ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವುದು. ನೋಡಲು ಚೆಂದ, ಅಮ್ಮನಿಗೆ ನಷ್ಟ. ಮಗ ಬರುತ್ತಾನೆಂದು ಚಕ್ಕುಲಿ, ಕೋಡುಬಳೆ ಕರಿಯುವುದು, ಕೋಣೆಯ ಧೂಳು ಹೊಡೆದು ಹೊಸ ಬೆಡ್‌ಶೀಟ್ ಹಾಸುವುದು, ಇಷ್ಟದ ತರಕಾರಿ ಹುಡುಕಿಕೊಂಡು ಚಂದಾಪುರದ ಸಂತೆಗೆ ಹೋಗುವುದು, ಇವೆಲ್ಲ ಅವಳ ಹಬ್ಬದ ಅರ್ಧ ಭಾಗ. ಹೇಳದೆ ಬಂದಾಗ ನಾವು ಅದನ್ನೇ ಅವಳಿಂದ ಕಿತ್ತುಕೊಂಡಿರುತ್ತೇವೆ. ಬಾಗಿಲಲ್ಲಿ ಅವಳ ಮೊದಲ ಮಾತು "ಒಂದು ಮಾತು ಹೇಳ್ಬಾರ್ದಿತ್ತಾ, ಏನಾದ್ರೂ ಮಾಡಿಡ್ತಿದ್ದೆ" ಎಂದೇ ಇರುತ್ತದೆ. ಅದು ಬರೀ ಉಪಚಾರದ ಮಾತಲ್ಲ.

ಹಾಗಾಗಿ ಮೂರು ನಾಲ್ಕು ದಿನ ಮುಂಚೆ ಬನ್ನಿ. ದೀಪಾವಳಿಯಾದರೆ ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮೊದಲೇ ಮನೆಯಲ್ಲಿರಿ. ಹಂಡೆ ಉಜ್ಜಿ ಕೊಡುವುದಕ್ಕೂ ಒಂದು ಕೈ ಸಿಗುತ್ತದೆ. ಅಚ್ಚರಿ ನಿಮ್ಮದಾಯಿತು, ಸಿದ್ಧತೆ ಅವಳದಾಯಿತು.

ಯಾವ ಹಬ್ಬ ಎನ್ನುವುದೂ ಮನೆಯಿಂದ ಮನೆಗೆ ಬೇರೆ. ಕಾರ್ಖಾನೆಯವರ ಮನೆಯಲ್ಲಿ ಆಯುಧಪೂಜೆಗೆ ತೂಕ ಹೆಚ್ಚು. ಊರಿನ ಮೂಲ ನಿವಾಸಿಗಳಿಗೆ ಹುಸ್ಕೂರು ಮದ್ದೂರಮ್ಮನ ಜಾತ್ರೆಯೇ ವರ್ಷದ ದೊಡ್ಡ ದಿನ. ಹೊರಗಿನವರು ಅದರ ಹೆಸರನ್ನೇ ಕೇಳಿರುವುದಿಲ್ಲ, ಆದರೆ ನೂರು ಅಡಿ ಮೀರಿದ ತೇರುಗಳನ್ನು ಸುತ್ತಲಿನ ಹಳ್ಳಿಗಳು ಹುಸ್ಕೂರಿಗೆ ಎಳೆದು ತರುವುದನ್ನು ನೋಡಿ ಬೆಳೆದವರಿಗೆ ಮಾರ್ಚ್ ಬಂದರೆ ಕಾಲು ನಿಲ್ಲುವುದಿಲ್ಲ. 2025ರ ಮಾರ್ಚ್‌ನಲ್ಲಿ ತೇರು ಉರುಳಿ ಜೀವಹಾನಿಯಾಯಿತು. ಮಕ್ಕಳನ್ನು ಕರೆದುಕೊಂಡು ಹೋಗುವವರು ತೇರಿನಿಂದ ದೂರವೇ ನಿಲ್ಲಿ. ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯನ್ನೂ ಮರೆಯಬೇಡಿ. ಅಜ್ಜಿ ತೀರಿಕೊಂಡಾಗ ಬರಲಾಗದ ಮೊಮ್ಮಗ ಮೊದಲ ಎಡೆಗೆ ಬಂದು ಕುಳಿತರೆ ಅದಕ್ಕಿಂತ ದೊಡ್ಡ ಅಚ್ಚರಿ ಇಲ್ಲ. ಹೆಬ್ಬಗೋಡಿ ಸುತ್ತಲಿನ ಕ್ರೈಸ್ತ ಕುಟುಂಬಗಳಿಗೆ ಡಿಸೆಂಬರ್ 24ರ ರಾತ್ರಿಯ ಪೂಜೆ ಮುಖ್ಯ, ಅವರೂ ಅದಕ್ಕೆ ಮೂರು ದಿನ ಮೊದಲು ಬಂದರೆ ಹಬ್ಬದ ತಿಂಡಿ ಕುಸ್ವಾರ್ ಮಾಡುವ ಅಡುಗೆಮನೆಗೆ ಸೇರಿಕೊಳ್ಳಬಹುದು.

4. ಟಿಕೆಟ್ ನೇರ ಬೆಂಗಳೂರಿಗೇ ಇರಲಿ

ನೂರು ಡಾಲರ್ ಉಳಿಯುತ್ತದೆಂದು ದೆಹಲಿ ಮೂಲಕ ಬರಬೇಡಿ. ಭಾರತದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಸೂಟ್‌ಕೇಸ್ ತೆಗೆದುಕೊಂಡು, ಮತ್ತೆ ದೇಶೀಯ ವಿಮಾನಕ್ಕೆ ಕೊಡಬೇಕು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು ಮುಸುಕಿದರೆ ಇಡೀ ದಿನ ಅಲ್ಲೇ ಕೂರಬೇಕಾಗಬಹುದು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಭಾಗದಲ್ಲೂ ಆ ತಿಂಗಳುಗಳ ಬೆಳಗಿನ ಜಾವ ಮಂಜಿರುತ್ತದೆ, ಆದರೆ ಬಿಸಿಲೇರಿದಂತೆ ಕರಗುತ್ತದೆ. ಫ್ರಾಂಕ್‌ಫರ್ಟ್, ಲಂಡನ್, ದುಬೈ, ದೋಹಾ, ಸಿಂಗಪುರ ಯಾವುದಾದರೂ ಒಂದೇ ಕಡೆ ಬದಲಿಸಿ ನೇರ ಬೆಂಗಳೂರಿಗೆ ಬರುವ ದಾರಿ ಆರಿಸಿಕೊಳ್ಳಿ. ವಿಮಾನ ಬದಲಿಸಲು ಮೂರು ಗಂಟೆಯಾದರೂ ನಡುವೆ ಇರಲಿ.

5. ಮಕ್ಕಳ ಕಾಗದಪತ್ರ

ಅಲ್ಲೇ ಹುಟ್ಟಿದ ಮಕ್ಕಳಿಗೆ ವಿದೇಶಿ ಪಾಸ್‌ಪೋರ್ಟ್ ಮತ್ತು ಓಸಿಐ ಕಾರ್ಡ್ ಎರಡೂ ಕೈಚೀಲದಲ್ಲಿರಲಿ. ಅಮೆರಿಕದಲ್ಲಿ 16 ವರ್ಷದೊಳಗಿನವರ ಪಾಸ್‌ಪೋರ್ಟ್ ಐದೇ ವರ್ಷ ಬಾಳುತ್ತದೆ. ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿಯನ್ನೂ ಮಗುವಿನ ಹೊಸ ಫೋಟೊವನ್ನೂ ಓಸಿಐ ಜಾಲತಾಣಕ್ಕೆ ಏರಿಸಬೇಕು. ಇದನ್ನು ಹೊರಡುವ ವಾರದಲ್ಲಿ ನೆನಪಿಸಿಕೊಳ್ಳಬೇಡಿ. ಭಾರತೀಯ ಪಾಸ್‌ಪೋರ್ಟ್ ಅಥವಾ ಓಸಿಐ ಇರುವ ದೊಡ್ಡವರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆಗೆ ಮೊದಲೇ ನೋಂದಾಯಿಸಿಕೊಂಡರೆ ಬೆಂಗಳೂರಿನಲ್ಲಿ ಇ-ಗೇಟ್ ಮೂಲಕ ಹೊರಬರಬಹುದು. 2025ರ ಜನವರಿಯಿಂದ ಈ ಸೌಲಭ್ಯ ಇಲ್ಲಿದೆ.

6. ಫೋನು ಗುಟ್ಟು ಬಿಟ್ಟುಕೊಡುತ್ತದೆ

ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡುವ ಮಗ ಇಪ್ಪತ್ತು ಗಂಟೆ ಸದ್ದಿಲ್ಲದೆ ಇದ್ದರೆ ತಾಯಿಯ ಮನಸ್ಸಿನಲ್ಲಿ ಮೊದಲು ಮೂಡುವುದು ಭಯ. ಅವಳಿಗೆ ಒಂದು ರಾತ್ರಿಯ ನಿದ್ದೆ ಕೆಡಿಸಿ ಕೊಡುವ ಸಂತೋಷ ಬೇಡ. ಹೊರಡುವ ಹಿಂದಿನ ದಿನ "ನಾಳೆ ಆಫೀಸಿನಲ್ಲಿ ರಿಲೀಸ್ ಇದೆ, ಮಾತಾಡಕ್ಕಾಗಲ್ಲ" ಎಂದು ಹೇಳಿಬಿಡಿ. ನಡುವಿನ ನಿಲ್ದಾಣದ ವೈಫೈನಿಂದ ಒಂದು "ಊಟ ಆಯ್ತಾ?" ಕಳಿಸಿ. ಧ್ವನಿ ಕರೆ ಬೇಡ, ಹಿಂದೆ ಬೋರ್ಡಿಂಗ್ ಘೋಷಣೆ ಕೇಳಿಸುತ್ತದೆ.

ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ಗಂಟೆ ಇದ್ದ ಅಂತರ ಹದಿಮೂರೂವರೆ ಆಗುತ್ತದೆ. ದೀಪಾವಳಿ ಆಸುಪಾಸಿನಲ್ಲೇ ಇದು ಬರುವುದರಿಂದ ಸುಳ್ಳಿನ ಲೆಕ್ಕ ತಪ್ಪದಿರಲಿ.

ಟಿಕೆಟ್ ಹಣ ಯಾವ ಖಾತೆಯಿಂದ ಹೋಗುತ್ತದೆ ನೋಡಿ. ಅಪ್ಪನ ಜೊತೆಗಿನ ಜಂಟಿ ಖಾತೆಯಾದರೆ ಅವರ ಫೋನಿಗೆ ಎಸ್‌ಎಂಎಸ್ ಹೋಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಮನೆಯವರಿಗೆ ಲೊಕೇಶನ್ ಹಂಚಿದ್ದರೆ ನಿಲ್ಲಿಸಿ. ಸ್ನೇಹಿತರಿಗೆ ಸ್ಟೇಟಸ್ ಹಾಕಬೇಡಿ ಎಂದು ಹೇಳಿ. ಇಷ್ಟು ಸಾಕು.

7. ನಡುರಾತ್ರಿ ಬಾಗಿಲು ತಟ್ಟಬೇಡಿ

ಹದಿಮೂರರಲ್ಲಿ ಒಂದನ್ನೇ ಪಾಲಿಸುವವರಿದ್ದರೆ ಇದನ್ನು ಪಾಲಿಸಿ. ಯೂರೋಪು, ಕೊಲ್ಲಿಯಿಂದ ಬೆಂಗಳೂರಿಗೆ ಬರುವ ಹಲವು ವಿಮಾನಗಳು ನಡುರಾತ್ರಿಯಿಂದ ನಸುಕಿನ ನಡುವೆ ಇಳಿಯುತ್ತವೆ. ಒಂದೂವರೆಗೆ ಇಳಿದವರು ಸೂಟ್‌ಕೇಸ್ ಪಡೆದು ಹೊರಬರುವ ಹೊತ್ತಿಗೆ ಎರಡೂವರೆ, ಖಾಲಿ ರಸ್ತೆಯಲ್ಲಿ ಹೆಬ್ಬಗೋಡಿ ಸೇರುವ ಹೊತ್ತಿಗೆ ನಾಲ್ಕು. ಆ ಹೊತ್ತಿನಲ್ಲಿ ಕರೆಗಂಟೆ ಕೇಳಿದರೆ ಎಪ್ಪತ್ತು ವರ್ಷದವರಿಗೆ ಸಂತೋಷದ ಯೋಚನೆ ಬರುವುದಿಲ್ಲ. ತಂತಿ ಬಂತೆಂದರೆ ಎದೆ ಒಡೆಯುತ್ತಿದ್ದ ಕಾಲದಲ್ಲಿ ಬೆಳೆದವರು ಅವರು. ತಂತಿ ಸೇವೆ 2013ರ ಜುಲೈನಲ್ಲೇ ನಿಂತಿದೆ, ಆ ಅಂಜಿಕೆ ಇನ್ನೂ ನಿಂತಿಲ್ಲ.

ಇದು ಬರೀ ಮನಸ್ಸಿನ ಮಾತಲ್ಲ. ಹಠಾತ್ ಭಾವೋದ್ವೇಗದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವ ಒಂದು ಸ್ಥಿತಿ ಇದೆ. ಜಪಾನಿನ ವೈದ್ಯರು 1990ರಲ್ಲಿ ಅದಕ್ಕೆ ಟಾಕೊಟ್ಸುಬೊ ಎಂದು ಹೆಸರಿಟ್ಟರು. ಲಕ್ಷಣಗಳು ಹೃದಯಾಘಾತದ ಹಾಗೆಯೇ, ತುತ್ತಾಗುವವರಲ್ಲಿ ಹೆಚ್ಚಿನವರು ಮುಟ್ಟು ನಿಂತ ವಯಸ್ಸಿನ ಹೆಂಗಸರು. 2016ರಲ್ಲಿ ಜ್ಯೂರಿಕ್‌ನ ವೈದ್ಯರ ನೇತೃತ್ವದ ತಂಡ ಯೂರೋಪಿಯನ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವೋದ್ವೇಗದಿಂದ ಈ ತೊಂದರೆಗೆ ಒಳಗಾದ 485 ಜನರ ಪೈಕಿ 20 ಮಂದಿಗೆ ಕಾರಣ ದುಃಖವಾಗಿರಲಿಲ್ಲ, ಸಂತೋಷವಾಗಿತ್ತು. ಹುಟ್ಟುಹಬ್ಬ, ಮದುವೆ, ಅಚ್ಚರಿಯ ಬೀಳ್ಕೊಡುಗೆ ಇಂಥವು. ಇದು ಅಪರೂಪ, ಹೆದರಬೇಕಿಲ್ಲ. ಆದರೆ ಅಮ್ಮನಿಗೆ ಬಿಪಿ ಇದ್ದರೆ, ಅಪ್ಪನಿಗೆ ಸ್ಟೆಂಟ್ ಹಾಕಿದ್ದರೆ, ಗುಟ್ಟು ಗೊತ್ತಿರುವವರು ಹತ್ತು ನಿಮಿಷ ಮೊದಲು "ಯಾರೋ ಬರ್ತಿದ್ದಾರೆ, ನಿಮಗೆ ಇಷ್ಟದವರು" ಎಂದು ಕುರ್ಚಿಯಲ್ಲಿ ಕೂರಿಸಲಿ. ಅಷ್ಟರಿಂದ ಅಚ್ಚರಿಯೇನೂ ಕಡಿಮೆಯಾಗದು.

ಇಳಿದ ಮೇಲೆ ವಿಮಾನ ನಿಲ್ದಾಣದಲ್ಲೇ ಕಾಫಿ ಕುಡಿದು ಕಾಯಿರಿ, ಇಲ್ಲವೇ ಎಲೆಕ್ಟ್ರಾನಿಕ್ ಸಿಟಿಯ ಸ್ನೇಹಿತನ ರೂಮಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಿ. ಬೆಳಿಗ್ಗೆ ಏಳೂವರೆ ಎಂಟಕ್ಕೆ, ಅಂಗಳಕ್ಕೆ ರಂಗೋಲಿ ಬಿದ್ದ ಮೇಲೆ, ಮೊದಲ ಕಾಫಿ ಆದ ಮೇಲೆ, ಬಿಪಿ ಮಾತ್ರೆ ನುಂಗಿದ ಮೇಲೆ ಮನೆಗೆ ಬನ್ನಿ.

8. ದೇವನಹಳ್ಳಿಯಿಂದ ಹೆಬ್ಬಗೋಡಿಗೆ

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಎರಡನೇ ಟರ್ಮಿನಲ್‌ಗೆ ಬಂದಿವೆ. ನೀವು ಹೋದದ್ದು ಅದಕ್ಕೂ ಮೊದಲಾದರೆ ಹೊರಬರುವ ದಾರಿಯೇ ಹೊಸದು. ನಗರದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ಸುಮಾರು 60 ಕಿ.ಮೀ. ಬೆಳಗಿನ ಜಾವ ಹೊರಟರೆ ಒಂದೂವರೆ ಗಂಟೆ, ಸಂಜೆ ಹೊರಟರೆ ಮೂರು ಗಂಟೆಗೂ ಸಿದ್ಧರಾಗಿ.

ಟ್ಯಾಕ್ಸಿಗೆ ಎರಡು ದಾರಿ. ಒಂದು ಹೆಬ್ಬಾಳ, ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್, ಅಲ್ಲಿಂದ 2010ರಲ್ಲಿ ತೆರೆದ ಹತ್ತು ಕಿ.ಮೀ. ಎತ್ತರದ ರಸ್ತೆ. ಎಂಟು ಗಂಟೆಯ ಮೊದಲು ಇದೇ ಒಳ್ಳೆಯದು. ಹೊತ್ತು ಏರಿದ್ದರೆ ಬೂದಿಗೆರೆ, ವೈಟ್‌ಫೀಲ್ಡ್ ಕಡೆಯಿಂದ ದೊಮ್ಮಸಂದ್ರಕ್ಕೆ ಬಂದು ಚಂದಾಪುರದಲ್ಲಿ ಹೊಸೂರು ರಸ್ತೆ ಸೇರುವುದು ಇನ್ನೊಂದು.

ದೀಪಾವಳಿಯ ಹಿಂದಿನ ವಾರದಲ್ಲಿ ಹೊಸೂರು ರಸ್ತೆಯನ್ನು ನಂಬಬೇಡಿ. ಪಟಾಕಿ ಕೊಳ್ಳಲು ನಗರವೆಲ್ಲ ಅತ್ತಿಬೆಲೆ, ಹೊಸೂರಿನ ಕಡೆ ಹೊರಡುತ್ತದೆ, ತಮಿಳುನಾಡಿಗೆ ಹಬ್ಬಕ್ಕೆ ಹೋಗುವವರ ಬಸ್ಸು ಕಾರುಗಳೂ ಇದೇ ದಾರಿಯಲ್ಲಿ. ಶುಕ್ರವಾರ ಸಂಜೆ ಬೊಮ್ಮನಹಳ್ಳಿಯಿಂದಲೇ ಸಾಲು ಶುರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಅಂಗಡಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಅಣ್ಣನ ಮಕ್ಕಳಿಗೆ ಪಟಾಕಿ ತರಲು ಅತ್ತ ಹೋಗುವುದಾದರೆ ಪರವಾನಗಿ ಇರುವ ಅಂಗಡಿ ನೋಡಿ ಹೋಗಿ.

ಎರಡು ಮೂರು ವರ್ಷ ಊರು ನೋಡದವರಿಗೆ ದೊಡ್ಡ ಬದಲಾವಣೆ ಮೆಟ್ರೊ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಹದಿನಾರು ನಿಲ್ದಾಣಗಳಲ್ಲಿ ಕೊನೆಯಿಂದ ಎರಡನೆಯದೇ ಹೆಬ್ಬಗೋಡಿ, ಅದಕ್ಕೆ ಬಯೋಕಾನ್ ಹೆಸರೂ ಸೇರಿದೆ. ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕೆಐಎ-8 ವಾಯುವಜ್ರ ಬಸ್ಸು ಹತ್ತಿ ಸಿಲ್ಕ್ ಬೋರ್ಡ್‌ನಲ್ಲಿ ಇಳಿದರೆ ಅಲ್ಲಿಂದ ಮೆಟ್ರೊ. ಬೆನ್ನುಚೀಲ ಒಂದೇ ಇದ್ದವರಿಗೆ ಇದಕ್ಕಿಂತ ಹಗುರ ದಾರಿ ಇಲ್ಲ. ದೊಡ್ಡ ಸೂಟ್‌ಕೇಸ್ ಎರಡಿದ್ದರೆ ಟ್ಯಾಕ್ಸಿಯೇ ಸರಿ. ಮೆಟ್ರೊದಲ್ಲಿ ಸಾಮಾನಿನ ಅಳತೆಗೆ ಮಿತಿ ಇದೆ, ಮೆಟ್ಟಿಲು ಹತ್ತಿ ಇಳಿಯುವ ಪಾಡೂ ಇದೆ.

9. ಕುಟುಂಬ ಹೆಬ್ಬಗೋಡಿಯಲ್ಲಿ, ಊರು ಕಲಬುರಗಿಯಲ್ಲಿ

ಇಲ್ಲಿ ಬಾಡಿಗೆಗಿರುವ ಸಾವಿರಾರು ಕುಟುಂಬಗಳ ಊರು ರಾಯಚೂರು, ಕಲಬುರಗಿ, ವಿಜಯಪುರ. ಹಬ್ಬಕ್ಕೆ ಅವರು ಇಲ್ಲಿರುವುದೇ ಇಲ್ಲ. ನಿಮ್ಮ ಮನೆಯವರೂ ಹಾಗಿದ್ದರೆ ಅವರು ಊರಿಗೆ ಹೊರಡುವ ದಿನವನ್ನು ಮೊದಲು ತಿಳಿದುಕೊಂಡು, ಅದಕ್ಕೆ ಒಂದು ದಿನ ಮುಂಚೆ ಹೆಬ್ಬಗೋಡಿಗೆ ಬನ್ನಿ. ನಿಮಗೂ ಸೇರಿಸಿ ಬಸ್ ಸೀಟು ಕಾದಿರಿಸುವ ಕೆಲಸ ಗುಟ್ಟು ಗೊತ್ತಿರುವವರದು. ಹಬ್ಬದ ವಾರ ಕೆಎಸ್ಆರ್‌ಟಿಸಿ ಹೆಚ್ಚುವರಿ ಬಸ್ ಬಿಟ್ಟರೂ ಸಾಲುವುದಿಲ್ಲ, ಖಾಸಗಿ ಬಸ್ಸಿನ ದರ ಎರಡು ಮೂರು ಪಟ್ಟು ಏರುತ್ತದೆ. ರಾತ್ರಿಯಿಡೀ ಅಪ್ಪ ಅಮ್ಮನ ಪಕ್ಕ ಕುಳಿತು ಊರಿಗೆ ಹೋಗುವ ಆ ಪ್ರಯಾಣ ಹಬ್ಬದಷ್ಟೇ ಬೆಲೆಯುಳ್ಳದ್ದು.

10. ಗೇಟಿನಲ್ಲಿರುವ ಆ್ಯಪ್

ಅಪಾರ್ಟ್‌ಮೆಂಟಿನಲ್ಲಿ ಮನೆಯಿದ್ದರೆ ಅಚ್ಚರಿ ಮುರಿಯುವುದು ಗೇಟಿನಲ್ಲೇ. ಮೈಗೇಟ್‌ನಂಥ ಆ್ಯಪ್ ಇರುವ ಕಡೆ ಕಾವಲುಗಾರರು ನಿಮ್ಮ ಹೆಸರು, ಫೋಟೊ ಹಾಕಿದ ಕ್ಷಣವೇ ಅಮ್ಮನ ಫೋನ್ ಕೂಗುತ್ತದೆ. ಗುಟ್ಟು ಗೊತ್ತಿರುವವರು ಮೊದಲೇ ನಿಮ್ಮ ಟ್ಯಾಕ್ಸಿಗೆ ಅನುಮತಿ ಸಂಖ್ಯೆ ಪಡೆದಿಟ್ಟಿರಲಿ, ಅಥವಾ ತಾವೇ ಗೇಟಿಗೆ ಬಂದು ಕರೆದೊಯ್ಯಲಿ. ಕಾವಲುಗಾರರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರು ನಿಮ್ಮ ತಂದೆ ತಾಯಿಯನ್ನೇ ಕಾಯುತ್ತಿದ್ದಾರೆ.

11. ಸೂಟ್‌ಕೇಸಿನಲ್ಲಿ ಏನಿರಬೇಕು

ಕಡಿಮೆ ತನ್ನಿ. ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದು ಬರುವ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಚಿನ್ನದ ಒಡವೆ, ದೊಡ್ಡವರಿಗೆ ಒಂದು ಲ್ಯಾಪ್‌ಟಾಪ್, ಎರಡು ಲೀಟರ್ ಮದ್ಯ, ಇವು ಸುಂಕವಿಲ್ಲದೆ ತರಲು ನಿಯಮದಲ್ಲಿರುವ ಮಿತಿಗಳು. ಸಾಮಾನಿನ ಒಟ್ಟು ಬೆಲೆಯ ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ, ಹೊರಡುವ ಮೊದಲು ಕಸ್ಟಮ್ಸ್ ಜಾಲತಾಣ ನೋಡಿ. ಮಿತಿ ಮೀರಿದ್ದರೆ ಕೆಂಪು ಚಾನೆಲ್‌ನಲ್ಲಿ ಹೋಗಿ ಸುಂಕ ಕಟ್ಟಿ. ತಮ್ಮ ಕೇಳಿದನೆಂದು ಡ್ರೋನ್ ತರಬೇಡಿ, 2022ರಿಂದ ಅದರ ಆಮದಿಗೆ ನಿಷೇಧವಿದೆ. ಇ-ಸಿಗರೇಟ್ 2019ರ ಕಾಯ್ದೆಯ ಪ್ರಕಾರ ನಿಷಿದ್ಧ.

ಚಾಕೊಲೇಟ್, ಬಾದಾಮಿ ಇವತ್ತು ಹೆಬ್ಬಗೋಡಿಯ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತದೆ. ಅಪ್ಪನ ಕಿವಿ ಮಂದವಾಗಿದ್ದರೆ ಒಳ್ಳೆಯ ಶ್ರವಣ ಸಾಧನಕ್ಕಾಗಿ ಇಲ್ಲೇ ವೈದ್ಯರ ಬಳಿ ಕರೆದೊಯ್ಯುವುದು, ಅಮ್ಮನ ಕನ್ನಡಕ ಬದಲಿಸುವುದು, ಸೋರುವ ನಲ್ಲಿ ಸರಿ ಮಾಡಿಸುವುದು, ಬ್ಯಾಂಕಿನ ಕೆವೈಸಿ ಮುಗಿಸಿಕೊಡುವುದು ಅದಕ್ಕಿಂತ ದೊಡ್ಡ ಉಡುಗೊರೆ.

12. ಕ್ಯಾಮೆರಾ ದೂರ ಇರಲಿ, ಮೊದಲ ಎರಡು ದಿನ ಮನೆಯಲ್ಲೇ ಇರಿ

ತಾಯಿ ಮಗನನ್ನು ನೋಡಿ ಅಳುವ ವಿಡಿಯೊಗಳಿಗೆ ಲಕ್ಷಗಟ್ಟಲೆ ಲೈಕ್ ಬರುತ್ತದೆ. ಆ ತಾಯಿ ನೈಟಿಯಲ್ಲಿರುತ್ತಾಳೆ, ತಲೆ ಬಾಚಿರುವುದಿಲ್ಲ, ಅವಳನ್ನು ಯಾರೂ ಕೇಳಿರುವುದಿಲ್ಲ. ನೆನಪಿಗೆ ಬೇಕಾದರೆ ಗುಟ್ಟು ಗೊತ್ತಿರುವವರು ಮೂಲೆಯಿಂದ ಒಂದು ತುಣುಕು ತೆಗೆಯಲಿ, ಮನೆಯವರ ನಡುವೆಯೇ ಉಳಿಯಲಿ. ನಿಮ್ಮ ಎರಡೂ ಕೈ ಖಾಲಿ ಇರಬೇಕು, ಅವಳು ತಬ್ಬಿಕೊಳ್ಳುತ್ತಾಳೆ.

ಹೊಸ್ತಿಲಲ್ಲೇ ನಿಲ್ಲಿಸಿ ಕೆಂಪು ನೀರು ನಿವಾಳಿಸುತ್ತೇನೆ ಎಂದರೆ ನಿಲ್ಲಿ. ಬೈದರೆ ಬೈಸಿಕೊಳ್ಳಿ. ಅಪ್ಪ ಏನೂ ಮಾತಾಡದೆ ಹಾಲು ತರಲು ಹೊರಟುಹೋದರೆ ಬೇಸರ ಬೇಡ, ಅವರು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬರುತ್ತಾರೆ. ಅಮೆರಿಕದಿಂದ ಬಂದವರ ದೇಹಕ್ಕೆ ಹಗಲು ರಾತ್ರಿ ತಿರುವುಮುರುವಾಗಿರುತ್ತದೆ, ಮಧ್ಯಾಹ್ನ ಮೂರಕ್ಕೆ ಕಣ್ಣು ತಾನಾಗಿ ಮುಚ್ಚುತ್ತದೆ. ಆ ಎರಡು ದಿನ ಸ್ನೇಹಿತರ ಭೇಟಿ, ಕೋರಮಂಗಲದ ಪಾರ್ಟಿ ಯಾವುದೂ ಬೇಡ. ಬಂದವನು ಸಂಜೆಗೇ ಗೆಳೆಯರ ಜೊತೆ ಹೊರಟರೆ, ಬೆಳಿಗ್ಗೆ ಕೊಟ್ಟ ಸಂತೋಷವನ್ನು ಸಂಜೆ ವಾಪಸ್ ತೆಗೆದುಕೊಂಡಂತೆ.

13. ಹೊರಡುವ ದಿನಾಂಕವನ್ನು ಮೊದಲ ದಿನವೇ ಹೇಳಿ

"ಎಷ್ಟು ದಿನ ಇರ್ತೀಯ?" ಎಂಬ ಪ್ರಶ್ನೆ ಮೊದಲ ಊಟದ ಹೊತ್ತಿಗೇ ಬರುತ್ತದೆ. ನೋಡೋಣ ಎಂದು ತೇಲಿಸಬೇಡಿ. ಬಂದದ್ದು ಗುಟ್ಟಾಗಿರಬಹುದು, ಹೋಗುವುದು ಗುಟ್ಟಾಗಬಾರದು. ದಿನಾಂಕ ಗೊತ್ತಾದರೆ ಅಮ್ಮ ಆ ದಿನಗಳನ್ನು ತನಗೆ ಬೇಕಾದ ಹಾಗೆ ಹಂಚಿಕೊಳ್ಳುತ್ತಾಳೆ: ಮನೆದೇವರಿಗೆ ಒಂದು ದಿನ, ಅಜ್ಜಿಯ ಊರಿಗೆ ಒಂದು ದಿನ, ಚಟ್ನಿಪುಡಿ, ಹುಳಿಪುಡಿ ಕುಟ್ಟಿಸಲು ಒಂದು ದಿನ. ಹದಿನೈದು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಹಬ್ಬ ಮುಗಿದ ಮೇಲೆ ನಾಲ್ಕು ದಿನವಾದರೂ ಉಳಿಯುವಂತೆ ಟಿಕೆಟ್ ಮಾಡಿ. ನೆಂಟರೆಲ್ಲ ಹೋದ ಮೇಲಿನ ಆ ದಿನಗಳಲ್ಲೇ ಅಪ್ಪ ತನ್ನ ಮಂಡಿ ನೋವು, ಜಮೀನಿನ ತಕರಾರು, ತಮ್ಮನ ಮದುವೆಯ ಚಿಂತೆಗಳನ್ನು ಬಾಯಿಬಿಟ್ಟು ಹೇಳುವುದು.

ಹಬ್ಬದ ಸೀಸನ್ನಿನ ದರ ಎರಡು ಮೂರು ತಿಂಗಳ ಮುಂಚೆಯೇ ಏರತೊಡಗುತ್ತದೆ. ವೀಸಾ ಮುದ್ರೆಯ ದಿನಾಂಕವನ್ನು ಈಗಲೇ ತೆಗೆದು ನೋಡಿ, ಸರಿಯಿದ್ದರೆ ಇವತ್ತೇ ಮ್ಯಾನೇಜರಿಗೆ ರಜೆಯ ಮೇಲ್ ಹಾಕಿ, ನಾಳೆ ತಂಗಿಗೊಂದು ಫೋನ್ ಮಾಡಿ.